ಕ್ಯಾಮೆರಾ ಕೆಲಸ ಮುಗಿದ ಮೇಲೆ ಕೋರ್ಟಿನ ಕೆಲಸ

ಸಾಮಾಜಿಕ ಕಳಕಳಿಯ ಸಿನಿಮಾ ತೆಗೆಯುವವರಿಗೆ ದುಡ್ಡೇ ದೊಡ್ಡ ತೊಡಕು ಎಂದು ನಾವು ನಂಬಿದ್ದೇವೆ. ಮುಂಬೈನ ಸಾಕ್ಷ್ಯಚಿತ್ರ ನಿರ್ದೇಶಕ ಆನಂದ್ ಪಟವರ್ಧನ್ ಅವರ ವೃತ್ತಿಜೀವನ ಬೇರೆಯದನ್ನೇ ಹೇಳುತ್ತದೆ: ತೆಗೆಯುವುದಕ್ಕಿಂತ ತೋರಿಸುವುದೇ ಕಷ್ಟ. 1990ರ ರಥಯಾತ್ರೆಯ ಹೊತ್ತಿನಲ್ಲಿ ಚಿತ್ರೀಕರಿಸಿದ ‘ರಾಮ್ ಕೆ ನಾಮ್’ ಬಾಬರಿ ಮಸೀದಿ ಉರುಳುವ ಮೊದಲೇ ಸಿದ್ಧವಾಗಿತ್ತು. ಮಂದಿರ ರಾಜಕಾರಣವನ್ನು ರಾಮಜನ್ಮಭೂಮಿಯ ಅರ್ಚಕ ಲಾಲ್‌ದಾಸ್ ಅವರೇ ಅದರಲ್ಲಿ ಖಂಡಿಸುತ್ತಾರೆ. ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು, ಆದರೆ ದೂರದರ್ಶನ ಪ್ರಸಾರಕ್ಕೆ ಒಪ್ಪಲಿಲ್ಲ. ಹೈಕೋರ್ಟ್ ಆದೇಶದಿಂದ ಅದು ಮನೆಮನೆ ತಲುಪುವಷ್ಟರಲ್ಲಿ ಮಸೀದಿಯೂ ಇರಲಿಲ್ಲ, ಲಾಲ್‌ದಾಸರೂ ಇರಲಿಲ್ಲ. 1993ರಲ್ಲಿ ಅವರ ಕೊಲೆಯಾಗಿತ್ತು. ಕೋಮುಹಿಂಸೆಗೂ ಗಂಡಸುತನದ ಅಹಂಕಾರಕ್ಕೂ ಇರುವ ನಂಟನ್ನು ಬಿಡಿಸಿಟ್ಟ ‘ಫಾದರ್, ಸನ್ ಅಂಡ್ ಹೋಲಿ ವಾರ್’ ಚಿತ್ರದ ಪ್ರಸಾರಕ್ಕಾಗಿ 2006ರವರೆಗೆ, ಸುಪ್ರೀಂ ಕೋರ್ಟಿನ ತನಕ ಹೋರಾಡಬೇಕಾಯಿತು. ಅಣ್ವಸ್ತ್ರ ಪೈಪೋಟಿಯನ್ನು ಪ್ರಶ್ನಿಸಿದ ‘ವಾರ್ ಅಂಡ್ ಪೀಸ್’ಗೆ ಸೆನ್ಸಾರ್ ಮಂಡಳಿ 21 ಕಡೆ ಕತ್ತರಿ ಕೇಳಿದಾಗ, 2003ರಲ್ಲಿ ಬಾಂಬೆ ಹೈಕೋರ್ಟ್ ಒಂದನ್ನೂ ಒಪ್ಪಲಿಲ್ಲ.

ಇಂಥ ಚಿತ್ರಗಳು ಏಕಪಕ್ಷೀಯ, ಸರ್ಕಾರಿ ವಾಹಿನಿ ಅವನ್ನೇಕೆ ತೋರಿಸಬೇಕು ಎಂಬ ಆಕ್ಷೇಪವಿದೆ. ಪಟವರ್ಧನ್ ತಟಸ್ಥರಲ್ಲ, ನಿಜ. ಆದರೆ ಅವರ ಚಿತ್ರಗಳಲ್ಲಿ ಕರಸೇವಕರೂ ತಮ್ಮದೇ ಮಾತಿನಲ್ಲಿ ತಮ್ಮ ನಿಲುವು ಹೇಳುತ್ತಾರೆ. ಬಿಡಿ ದೃಶ್ಯ ಹಿಡಿದು ಜಗ್ಗದೆ ಚಿತ್ರವನ್ನು ಇಡಿಯಾಗಿ ತೂಗಬೇಕು ಎಂದು ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಒಂದು ದೃಷ್ಟಿಕೋನಕ್ಕೆ ಉತ್ತರ ಇನ್ನೊಂದು ಚಿತ್ರವೇ ಹೊರತು, ಮೊದಲನೆಯದನ್ನು ಬಚ್ಚಿಡುವುದಲ್ಲ. ಒಂದು ಕೈಯಿಂದ ಪ್ರಶಸ್ತಿ ಕೊಟ್ಟು ಇನ್ನೊಂದು ಕೈಯಿಂದ ಪರದೆ ಎಳೆಯುವ ವ್ಯವಸ್ಥೆ ಗುಣಮಟ್ಟದ ನೆಪವನ್ನೂ ಹೇಳುವಂತಿಲ್ಲ.

ಕೊನೆಗೂ ಅವರೇ ಗೆದ್ದರಲ್ಲ, ವ್ಯವಸ್ಥೆ ಸರಿಯಾಗಿಯೇ ಇದೆ ಎನ್ನುವವರೂ ಇದ್ದಾರೆ. ಕಲಬುರ್ಗಿ, ಗೌರಿ ಲಂಕೇಶ್ ಅವರ ಹತ್ಯೆಗಳನ್ನೂ ಒಳಗೊಂಡ ಪಟವರ್ಧನ್ ಅವರ ‘ವಿವೇಕ್’ ಚಿತ್ರ 2018ರಲ್ಲಿ ಆಮ್‌ಸ್ಟರ್‌ಡ್ಯಾಮ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಡೆಯಿತು. ಮರುವರ್ಷ ತಿರುವನಂತಪುರದ ಉತ್ಸವದಲ್ಲಿ ಅದನ್ನು ತೋರಿಸಲು ಕೇಂದ್ರ ಸರ್ಕಾರ ಸೆನ್ಸಾರ್ ವಿನಾಯಿತಿ ಕೊಡದ್ದರಿಂದ, ಈ ಬಾರಿ ಕೇರಳ ಹೈಕೋರ್ಟ್ ಬಾಗಿಲು ತಟ್ಟಬೇಕಾಯಿತು. ಅಂದರೆ ಹಿಂದಿನ ತೀರ್ಪುಗಳು ಮುಂದಿನ ಚಿತ್ರದ ದಾರಿಯನ್ನು ತಾವಾಗಿ ತೆರೆಯಲಿಲ್ಲ. ವರ್ಷಗಟ್ಟಲೆ ವ್ಯಾಜ್ಯ ನಡೆಸುವ ಚೈತನ್ಯ ಎಲ್ಲ ನಿರ್ದೇಶಕರಿಗೂ ಇರದು. ಅದಿಲ್ಲದವರ ಚಿತ್ರ ಸದ್ದಿಲ್ಲದೆ ಮೂಲೆ ಸೇರುತ್ತದೆ. ಆದ್ದರಿಂದ ಹೊಣೆ ತಿರುಗುಮುರುಗಾಗಬೇಕು: ತೋರಿಸಲು ಬಯಸುವವರಲ್ಲ, ತಡೆಯಲು ಬಯಸುವವರು ಕೋರ್ಟಿಗೆ ಹೋಗಿ ಕಾರಣ ಕೊಡಲಿ.