ಕಲ್ಲಿನ ಕಾಲ ಮೇಲೆ ನಿಂತ ಸಾರಂಗ

ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಕ್ಲಾಸಲ್ಲಿ ನಾವೆಲ್ಲ ಕೇಳಿರೋ ಮಾತು: ಕಲ್ಲು ಒತ್ತಿದರೆ ತಡೆಯುತ್ತೆ, ಎಳೆದರೆ ಬಿರಿಯುತ್ತೆ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಅದೇ ಕಲ್ಲಲ್ಲಿ ಭಾರವಾದ ಮೈಯ ಪ್ರಾಣಿಯೊಂದನ್ನು ಕೆತ್ತಿ, ಸಪೂರ ಕಾಲುಗಳ ಮೇಲೆ ನಿಲ್ಲಿಸಿ ಅಂದ್ರೆ? ಕೆನಡಾದ ಒಸುಯಿಟೋಕ್ ಇಪೀಲಿ ಅದನ್ನೇ ಮಾಡಿ ಹೆಸರಾದವರು.

ಒಸುಯಿಟೋಕ್ (1923–2005) ಇನ್ಯುಯಿಟ್ ಜನಾಂಗದವರು. ಊರು ಬ್ಯಾಫಿನ್ ದ್ವೀಪದ ದಕ್ಷಿಣ ತೀರದ ಕೇಪ್ ಡಾರ್ಸೆಟ್. ಈಗ ಅದನ್ನು ಕಿನ್‌ಗೈಟ್ ಅಂತಾರೆ. ಮರ ಬೆಳೆಯದ ನೆಲ, ಬೇಟೆಯೇ ಬದುಕು. ಅಂಗಡಿಯಿಂದ ತೋಟಾ, ಹಿಟ್ಟು, ಚಹಾ ತರಬೇಕಾದರೆ ನರಿಯ ತುಪ್ಪಳ ಮಾರಬೇಕಿತ್ತು. 1940ರ ದಶಕದ ಕೊನೆಗೆ ಆ ತುಪ್ಪಳದ ಬೆಲೆಯೇ ಬಿದ್ದುಹೋಯಿತು. ಅದೇ ಹೊತ್ತಿಗೆ ಜೇಮ್ಸ್ ಹೌಸ್ಟನ್ ಎಂಬ ಕಲಾವಿದರು ಉತ್ತರದಲ್ಲಿ ಸುತ್ತಾಡಿ ತಂದ ಕೆತ್ತನೆಗಳು 1949ರಲ್ಲಿ ಮಾಂಟ್ರಿಯಲ್‌ನಲ್ಲಿ ಮಾರಾಟವಾದವು. ಹೀಗೆ ಕೆತ್ತನೆಯೂ ಮನೆ ನಡೆಸುವ ದಾರಿಯಾಯಿತು.

ಇನ್ಯುಯಿಟ್ ಶಿಲ್ಪವೆಂದರೆ ಬಳಪದ ಕಲ್ಲು ಅಂದುಕೊಳ್ಳೋರೇ ಹೆಚ್ಚು. ಕಿನ್‌ಗೈಟ್‌ನವರು ಹೆಚ್ಚಾಗಿ ಬಳಸೋದು ಸರ್ಪೆಂಟೈನ್ ಅನ್ನೋ ಹಸಿರು ಕಲ್ಲು. ಅದು ಬಳಪದ ಕಲ್ಲಿಗಿಂತ ಗಟ್ಟಿ, ಹಾಗಾಗಿ ತೆಳುವಾಗಿ ಕೆತ್ತಬಹುದು.

ಒಸುಯಿಟೋಕ್‌ಗೆ ಪ್ರಿಯವಾದದ್ದು ಕ್ಯಾರಿಬೂ, ಅಂದ್ರೆ ಉತ್ತರದ ಹಿಮಸಾರಂಗ. ಅದರ ಭಾರ ನೇರವಾಗಿ ಕಾಲಿಗಿಳಿದರೆ ಕಲ್ಲು ತಡೆದುಕೊಳ್ಳುತ್ತೆ. ಮೈ ಒಂದು ಕಡೆ ವಾಲಿತೋ, ಕಾಲು ಬಾಗಲು ನೋಡುತ್ತೆ. ಆಗ ಒಂದು ಬದಿಗೆ ಎಳೆತ ಬಿದ್ದು ಅಲ್ಲೇ ಬಿರುಕು. ಸಾಲದ್ದಕ್ಕೆ, ಗುರುತ್ವಕೇಂದ್ರದಿಂದ ಇಳಿಸಿದ ಗೆರೆ ಗೊರಸುಗಳ ನಡುವೆಯೇ ಬೀಳಬೇಕು, ಇಲ್ಲಾಂದ್ರೆ ಪ್ರಾಣಿ ಮಗುಚುತ್ತೆ. ಇದನ್ನೆಲ್ಲ ಅವರು ಕಾಗದದಲ್ಲಿ ಲೆಕ್ಕ ಹಾಕಿದವರಲ್ಲ. ಕ್ಯಾರಿಬೂ ಬೇಟೆಯಾಡಿದ ಕಣ್ಣು, ಕಲ್ಲನ್ನು ಬಲ್ಲ ಕೈ, ಅಷ್ಟೇ. ವಿದ್ಯುತ್ ಉಪಕರಣಗಳು ಬಂದಮೇಲೂ ಅವರು ಮೆಚ್ಚಿದ್ದು ಕೊಡಲಿ, ಅರಗಳಂಥ ಕೈ ಉಪಕರಣಗಳನ್ನೇ. ಕೊನೇ ಗಳಿಗೆಯಲ್ಲಿ ಒಂದು ಕಾಲು ಮುರಿದರೂ ಅಷ್ಟು ದಿನದ ದುಡಿಮೆ ನೀರುಪಾಲು ಅಲ್ವಾ?

ಅವರ ಕುತೂಹಲದ ಬಗ್ಗೆ ಹೌಸ್ಟನ್ ಹೇಳುತ್ತಿದ್ದ ಕತೆಯೊಂದಿದೆ. 1957ರಲ್ಲಿ ಒಸುಯಿಟೋಕ್ ಎರಡು ಸಿಗರೇಟು ಪ್ಯಾಕ್‌ಗಳ ಮೇಲಿನ ನಾವಿಕನ ಚಿತ್ರ ನೋಡಿ, ಒಂದೇ ಚಿತ್ರವನ್ನು ಇಷ್ಟು ಸಲ ಬರೆಯೋಕೆ ಎಷ್ಟು ಬೇಜಾರಾಗಬೇಕು ಅಂದರಂತೆ. ಹೌಸ್ಟನ್, ಒಸುಯಿಟೋಕ್ ಅವರೇ ಗೀರಿ ಚಿತ್ರಿಸಿದ್ದ ವಾಲ್ರಸ್ ದಂತಕ್ಕೆ ಮಸಿ ಸವರಿ, ಅದರ ಮೇಲೆ ತೆಳು ಕಾಗದ ಒತ್ತಿ ಅಚ್ಚು ತೆಗೆದು ತೋರಿಸಿದರು. ಇದು ನಮ್ಮಿಂದಲೂ ಆಗುತ್ತೆ ಅಂದರು ಒಸುಯಿಟೋಕ್. ಆ ಊರಿನ ಜಗತ್ಪ್ರಸಿದ್ಧ ಅಚ್ಚುಚಿತ್ರಗಳು ಶುರುವಾದದ್ದು ಹೀಗೆ.

ಬೋರ್ಡ್ ಮೇಲಿನ ಬೆಂಡಿಂಗ್ ಮೊಮೆಂಟ್ ಮುಂದಿನ ಸಲ ಬೇಜಾರು ಹುಟ್ಟಿಸಿದರೆ, ಒಸುಯಿಟೋಕ್ ಅವರ ಒಂದು ಕ್ಯಾರಿಬೂ ಚಿತ್ರ ಹುಡುಕಿ, ಅದರ ಕಾಲುಗಳನ್ನು ನೋಡೋಣ.