ಒಂದು ಸೆಂಟಿನ ಕಾರ್ಡಿನಲ್ಲಿ ಊರಿನ ಗ್ರಂಥಾಲಯ



ನೂರು ವರ್ಷಗಳ ಹಿಂದೆ ಅಮೇರಿಕದ ಸಣ್ಣ ಊರುಗಳಿಂದ ಬಂಧುಗಳಿಗೆ ಹೋಗುತ್ತಿದ್ದ ಚಿತ್ರದ ಅಂಚೆ ಕಾರ್ಡುಗಳನ್ನು ಇಂದಿಗೂ ಅನೇಕರು ಸಂಗ್ರಹಿಸುತ್ತಾರೆ. ಅವುಗಳಲ್ಲಿ ಒಂದು ಬಗೆಯ ಕಟ್ಟಡ ಮತ್ತೆ ಮತ್ತೆ ಕಾಣಸಿಗುತ್ತದೆ. ಇಟ್ಟಿಗೆ ಅಥವಾ ಕಲ್ಲಿನ ಗೋಡೆ, ಮುಂಬದಿಯಲ್ಲಿ ಕಂಬಗಳು, ಬಾಗಿಲಿಗೆ ಏರುವ ಮೆಟ್ಟಿಲುಗಳು. ಅದು ಆ ಊರಿನ ಸಾರ್ವಜನಿಕ ಗ್ರಂಥಾಲಯ.

ಆಗ ಕಾರ್ಡಿನ ಅಂಚೆ ವೆಚ್ಚ ಒಂದೇ ಸೆಂಟ್. 1907ರ ಮಾರ್ಚ್‌ವರೆಗೆ ಹಿಂಬದಿಯಲ್ಲಿ ವಿಳಾಸವನ್ನಷ್ಟೇ ಬರೆಯಬೇಕಿತ್ತು. ಕ್ಷೇಮ ಸಮಾಚಾರವನ್ನು ಚಿತ್ರದ ಅಂಚಿನಲ್ಲೇ ತುರುಕಬೇಕಿತ್ತು. ಅನಂತರ ಹಿಂಬದಿ ಎರಡು ಭಾಗವಾಯಿತು: ಎಡಕ್ಕೆ ಒಕ್ಕಣೆ, ಬಲಕ್ಕೆ ವಿಳಾಸ. ಕಾರ್ಡು ಕಳುಹಿಸುವವರು ‘ನಮ್ಮೂರು ಹೀಗಿದೆ ನೋಡಿ’ ಎಂದು ಹೆಮ್ಮೆಯಿಂದ ತೋರಿಸಲು ಗ್ರಂಥಾಲಯವನ್ನು ಆರಿಸಿಕೊಂಡರೆಂಬುದು ಸಣ್ಣ ಮಾತಲ್ಲ.

ದಾನಿಯ ಷರತ್ತು

ಇಂತಹ ಅನೇಕ ಕಟ್ಟಡಗಳಿಗೆ ಹಣ ಕೊಟ್ಟವರು ಆಂಡ್ರ್ಯೂ ಕಾರ್ನೆಗಿ. 1835ರಲ್ಲಿ ಸ್ಕಾಟ್‌ಲ್ಯಾಂಡಿನ ನೇಕಾರನ ಮನೆಯಲ್ಲಿ ಹುಟ್ಟಿ, 1848ರಲ್ಲಿ ಅಮೇರಿಕಕ್ಕೆ ವಲಸೆ ಹೋದವರು. ದುಡಿಯುವ ಹುಡುಗರಿಗಾಗಿ ಕರ್ನಲ್ ಜೇಮ್ಸ್ ಆಂಡರ್ಸನ್ ಎಂಬವರು ತೆರೆದಿಟ್ಟಿದ್ದ ಸ್ವಂತ ಪುಸ್ತಕ ಸಂಗ್ರಹವೇ ಬಾಲಕ ಕಾರ್ನೆಗಿಗೆ ವಿದ್ಯೆಯ ಬಾಗಿಲಾಯಿತು. ಮುಂದೆ ಉಕ್ಕಿನ ಉದ್ಯಮದಲ್ಲಿ ಗಳಿಸಿದ ಹಣದಿಂದ ಜಗತ್ತಿನಲ್ಲಿ ಸುಮಾರು 2,500 ಗ್ರಂಥಾಲಯಗಳು ಎದ್ದವು. ಅವುಗಳಲ್ಲಿ ಸುಮಾರು 1,700 ಅಮೇರಿಕದಲ್ಲಿದ್ದವು.

ಆದರೆ ಕಾರ್ನೆಗಿ ಕೊಡುತ್ತಿದ್ದುದು ಕಟ್ಟಡದ ಹಣ ಮಾತ್ರ. ನಿವೇಶನವನ್ನು ಊರು ಒದಗಿಸಬೇಕು. ಕೊಟ್ಟ ಮೊತ್ತದ ಹತ್ತನೇ ಒಂದು ಭಾಗವನ್ನು ಪ್ರತಿ ವರ್ಷ ಖರ್ಚಿಗೆ ತೆಗೆದಿಡಬೇಕು. ಹತ್ತು ಸಾವಿರ ಡಾಲರ್ ಪಡೆದ ಊರು ವರ್ಷಕ್ಕೆ ಸಾವಿರ ಡಾಲರಿನ ಹೊಣೆ ಹೊರಬೇಕಿತ್ತು.

ಮಹಿಳೆಯರ ಪಾಲು

ಆ ಹೊಣೆಗೆ ಊರನ್ನು ಒಪ್ಪಿಸಿದವರು ಯಾರು? ಅನೇಕ ಕಡೆ ಅಲ್ಲಿನ ಮಹಿಳಾ ಸಂಘಗಳು. ಬಾಡಿಗೆ ಕೋಣೆಯಲ್ಲಿ ಪುಸ್ತಕ ಜೋಡಿಸಿ, ಊಟ-ತಿಂಡಿ ಮಾರಿ ಹಣ ಕೂಡಿಸಿ, ಪುರಸಭೆಯ ಬೆನ್ನು ಬಿದ್ದವರು ಅವರೇ. ಕಾರ್ನೆಗಿಯ ಕಾರ್ಯದರ್ಶಿ ಜೇಮ್ಸ್ ಬರ್ಟ್ರಮ್‌ಗೆ ಪತ್ರ ಬರೆದವರಲ್ಲೂ ಅವರಿದ್ದರು. ಲಿಂಗದ ಕಾರಣಕ್ಕೆ ಮತದಾನದ ಹಕ್ಕು ನಿರಾಕರಿಸುವುದು ಆ ದೇಶದಾದ್ಯಂತ ನಿಂತದ್ದು 1920ರಲ್ಲಿ. ಅದಕ್ಕೂ ಮುನ್ನವೇ ಎಷ್ಟೋ ಊರುಗಳ ಗ್ರಂಥಾಲಯಗಳು ಇವರಿಂದ ನಿಂತಿದ್ದವು. ಆದರೆ ಕಾರ್ಡಿನ ಮೇಲೆ ಅಚ್ಚಾದ ಹೆಸರು ಮಾತ್ರ ಕಾರ್ನೆಗಿಯದು.

ಕಾರ್ಡಿನಲ್ಲಿ ಕಾಣದ್ದು

ಚಂದದ ಚಿತ್ರ ಎಲ್ಲವನ್ನೂ ಹೇಳುವುದಿಲ್ಲ. 1892ರಲ್ಲಿ ಹೋಮ್‌ಸ್ಟೆಡ್‌ನ ಕಾರ್ನೆಗಿ ಉಕ್ಕಿನ ಕಾರ್ಖಾನೆಯಲ್ಲಿ ಕೂಲಿಯ ವಿಚಾರಕ್ಕೆ ನಡೆದ ಸಂಘರ್ಷದಲ್ಲಿ ಕಾರ್ಮಿಕರು ಪ್ರಾಣ ಕಳೆದುಕೊಂಡರು. 1898ರಲ್ಲಿ ಅಲ್ಲಿಯೇ ಕಾರ್ನೆಗಿ ಗ್ರಂಥಾಲಯ ತೆರೆಯಿತು. ದಿನಕ್ಕೆ ಹನ್ನೆರಡು ಗಂಟೆ ದುಡಿಯುವವನು ಓದುವುದು ಯಾವಾಗ? ಕಾರ್ಮಿಕನ ಬೆವರು ಆರುವ ಮುನ್ನ ಕೂಲಿ ಕೊಡಲು ಕಲಿಸಿದ ಪ್ರವಾದಿ(ಸ)ರವರ ಅನುಯಾಯಿಗಳು ಈ ಪ್ರಶ್ನೆಯನ್ನು ಮರೆಯಬಾರದು. ದಾನವು ನ್ಯಾಯದ ಬದಲಿಯಲ್ಲ.

ಇನ್ನೊಂದು ಅನ್ಯಾಯ ಬಾಗಿಲಲ್ಲೇ ಇತ್ತು. ದಕ್ಷಿಣದ ಅನೇಕ ಊರುಗಳ ಗ್ರಂಥಾಲಯಗಳಿಗೆ ಕರಿಯರಿಗೆ ಪ್ರವೇಶವಿರಲಿಲ್ಲ. ಲೂಯಿವಿಲ್ ನಗರದಲ್ಲಿ 1905ರಲ್ಲಿ ಅವರಿಗಾಗಿ ಪ್ರತ್ಯೇಕ ಶಾಖೆ ತೆರೆದಾಗ ಥಾಮಸ್ ಫೌಂಟೇನ್ ಬ್ಲೂ ಅದರ ಹೊಣೆ ಹೊತ್ತರು. ಮುಂದೆ ಕರಿಯ ಯುವತಿಯರಿಗೂ ಅಲ್ಲಿ ಗ್ರಂಥಪಾಲನೆಯ ತರಬೇತಿ ಸಿಕ್ಕಿತು.

ಇಂದು ಆ ಕಟ್ಟಡಗಳಲ್ಲಿ ಅನೇಕವು ಗ್ರಂಥಾಲಯಗಳಾಗಿಯೇ ಇವೆ. ಕೆಲವು ಮ್ಯೂಸಿಯಂ, ಕಚೇರಿಗಳಾಗಿವೆ. ಕೆಡವಲ್ಪಟ್ಟ ಕೆಲವು ಕಾರ್ಡುಗಳಲ್ಲಿ ಮಾತ್ರ ಉಳಿದಿವೆ.

ದಿವ್ಯವಾಣಿಯ ಪ್ರಥಮ ಆಜ್ಞೆಯೇ ಓದಬೇಕೆಂಬುದು. ಪ್ರಯೋಜನಕಾರಿ ಜ್ಞಾನವನ್ನು ಬಿಟ್ಟುಹೋದವರಿಗೆ ಮರಣಾನಂತರವೂ ಪುಣ್ಯ ಸಲ್ಲುತ್ತಿರುತ್ತದೆಂದು ನಾವು ನಂಬಿದ್ದೇವೆ. ಅದಕ್ಕೆ ಕೋಟ್ಯಧಿಪತಿಯಾಗಬೇಕಿಲ್ಲ. ನಾಲ್ಕು ಮನೆಯ ಮಹಿಳೆಯರು ಸೇರಿ ಒಂದು ಕಪಾಟು ತುಂಬಿಸಿ, ಅದರ ಬಾಗಿಲನ್ನು ನೆರೆಯ ಯಾವ ಮಗುವಿಗೂ ಮುಚ್ಚದಿದ್ದರೆ ಸಾಕು. ನಿಮ್ಮ ಹೆಸರು ಯಾವ ಕಾರ್ಡಿನಲ್ಲೂ ಅಚ್ಚಾಗದಿರಬಹುದು. ಅಲ್ಲಾಹನ ಬಳಿ ಅದು ದಾಖಲಾಗದೆ ಇರಲಾರದು.