ಸ್ಯಾಮ್ಯುಯೆಲ್ ಡೋಕ್: ಗಡಿನಾಡಿನ ವಿದ್ಯಾಗುರು

ಪ್ರೆಸ್ಬಿಟೇರಿಯನ್ ಪಂಥವು ಕ್ರೈಸ್ತಧರ್ಮದ ಒಂದು ಶಾಖೆ. ಅದರಲ್ಲಿ ಬಿಷಪ್ಪರ ಆಳ್ವಿಕೆಯಿಲ್ಲ. ಭಕ್ತರು ಆರಿಸಿದ ಹಿರಿಯರೂ ಬೋಧಕರೂ ಕೂಡಿ ಸಭೆಯನ್ನು ನಡೆಸುತ್ತಾರೆ. ಬೋಧಕನಾಗುವವನು ಗ್ರೀಕ್, ಲ್ಯಾಟಿನ್ ಮೊದಲಾದ ಪ್ರಾಚೀನ ಭಾಷೆಗಳಲ್ಲಿ ವ್ಯುತ್ಪನ್ನನಾಗಿರಬೇಕೆಂಬುದು ಆ ಪಂಥದ ನಿಲುವಾಗಿದ್ದಿತು. ಆದುದರಿಂದಲೇ 18ನೆಯ ಶತಮಾನದಲ್ಲಿ ಅಮೆರಿಕದ ಅಪಲೇಚಿಯನ್ ಪರ್ವತಗಳಾಚೆಗೆ ವಲಸಿಗರು ಹಬ್ಬಿದಂತೆ ಪ್ರಾರ್ಥನಾಮಂದಿರದ ಮಗ್ಗುಲಲ್ಲಿಯೇ ಪಾಠಶಾಲೆಯೂ ತಲೆಯೆತ್ತಿತು. ಸ್ಯಾಮ್ಯುಯೆಲ್ ಡೋಕನ ಜೀವನವು ಇದಕ್ಕೆ ಉತ್ತಮ ನಿದರ್ಶನ.

1749ರಲ್ಲಿ ವರ್ಜೀನಿಯಾದಲ್ಲಿ ಜನಿಸಿದ ಡೋಕನು ಪ್ರಿನ್ಸ್‌ಟನ್ನಿನಲ್ಲಿ ಜಾನ್ ವಿದರ್‌ಸ್ಪೂನನ ಶಿಷ್ಯನಾಗಿ 1775ರಲ್ಲಿ ಪದವೀಧರನಾದನು. ಬಳಿಕ ಚೆರೋಕಿ ಜನರ ನಾಡಿನ ಅಂಚಿಗೆ, ಇಂದಿನ ಟೆನೆಸಿಯ ಪೂರ್ವಭಾಗಕ್ಕೆ, ಬಂದು ನೆಲಸಿದನು. ಪುಸ್ತಕಗಳ ಹೊರೆಯನ್ನು ಕುದುರೆಗೆ ಹೇರಿ, ತಾನು ಪಕ್ಕದಲ್ಲಿ ನಡೆದೇ ಪರ್ವತ ದಾಟಿದನೆಂಬುದು ಅಲ್ಲಿಯ ಪ್ರತೀತಿ. 1780ರ ಸೆಪ್ಟೆಂಬರಿನಲ್ಲಿ, ಕಿಂಗ್ಸ್ ಮೌಂಟನ್ ಯುದ್ಧಕ್ಕೆ ಹೊರಟ ಗಡಿನಾಡಿಗರನ್ನು ಸಿಕಮೋರ್ ಶೋಲ್ಸ್ ಎಂಬಲ್ಲಿ ಹರಸಿ ಕಳುಹಿದವನೂ ಇವನೇ.

ಮರದ ದಿಮ್ಮಿಗಳ ಮನೆಯಲ್ಲಿ ಇವನು ನಡೆಸಿದ ಶಾಲೆಗೆ 1783ರಲ್ಲಿ ಉತ್ತರ ಕೆರೊಲೈನಾದ ಶಾಸನಸಭೆಯು ಮಾರ್ಟಿನ್ ಅಕಾಡೆಮಿ ಎಂಬ ಹೆಸರಿನಲ್ಲಿ ಸನ್ನದು ನೀಡಿತು. 1795ರಲ್ಲಿ ಅದೇ ವಾಷಿಂಗ್ಟನ್ ಕಾಲೇಜಾಯಿತು. 1818ರವರೆಗೆ ಡೋಕನೇ ಅದರ ಅಧ್ಯಕ್ಷನು. ಅರವತ್ತು ದಾಟಿದ ಮೇಲೆ, ಶಿಷ್ಯರಿಗೆ ಕಲಿಸಬೇಕೆಂಬ ಹಂಬಲದಿಂದಲೇ ಹೀಬ್ರೂ ಭಾಷೆಯನ್ನೂ ರಸಾಯನಶಾಸ್ತ್ರವನ್ನೂ ತಾನು ಅಭ್ಯಸಿಸಿದನೆಂಬುದು ಗಮನಾರ್ಹ.

ಆದರೆ ಈ ಬಾಳಿನಲ್ಲಿ ಒಂದು ಕಪ್ಪುಕಲೆಯೂ ಇದ್ದಿತು. ದೇವರ ಮುಂದೆ ಸರ್ವರೂ ಸಮಾನರೆಂದು ಬೋಧಿಸುವ ಧರ್ಮದ ಗುರುವಾಗಿದ್ದೂ ಡೋಕನು ಗುಲಾಮರ ಒಡೆಯನಾಗಿದ್ದನು. ನುಡಿಗೂ ನಡೆಗೂ ನಡುವಣ ಈ ಅಂತರವನ್ನು ಅವನು ಕಡೆಗೂ ಸಹಿಸದಾದನು. 1818ರಲ್ಲಿ, ಎಪ್ಪತ್ತರ ಹೊಸ್ತಿಲಲ್ಲಿ, ತನ್ನ ಗುಲಾಮರನ್ನು ಬಿಡುಗಡೆ ಮಾಡಿದನು. ತಡವಾಗಿ ಬಂದುದಾದರೂ ಅದು ಕೇವಲ ಮಾತಾಗಿ ಉಳಿಯಲಿಲ್ಲ. 1816ರಲ್ಲಿ ವಾಷಿಂಗ್ಟನ್ ಕಾಲೇಜಿನಿಂದ ಹೊರಬಂದ ಅವನ ಶಿಷ್ಯ ಜಾನ್ ರ‍್ಯಾಂಕಿನ್ ಗುಲಾಮಗಿರಿಯನ್ನು ಖಂಡಿಸಿ ಪತ್ರಗಳನ್ನು ಬರೆದನು. ಓಹಾಯೊ ನದಿಯ ದಡದ ರಿಪ್ಲಿ ಗ್ರಾಮದಲ್ಲಿ, ಕೆಂಟಕಿಯಿಂದ ಹೊಳೆ ದಾಟಿ ಓಡಿಬಂದವರಿಗೆ ತನ್ನ ಮನೆಯನ್ನೇ ಆಶ್ರಯವಾಗಿಸಿದನು.

ಡೋಕನು ಕೊನೆಯ ವರ್ಷಗಳಲ್ಲಿ ಮಗನೊಡನೆ ಟಸ್ಕುಲಮ್ಮಿನಲ್ಲಿ ಮತ್ತೊಂದು ಶಾಲೆಯನ್ನು ಕಟ್ಟಿ, 1830ರ ಡಿಸೆಂಬರಿನಲ್ಲಿ ತೀರಿಕೊಂಡನು. ಆ ಶಾಲೆಯ ಪರಂಪರೆ ಇಂದಿನ ಟಸ್ಕುಲಮ್ ವಿಶ್ವವಿದ್ಯಾಲಯದಲ್ಲಿ ಮುಂದುವರಿದಿದೆ. ಕಟ್ಟಡಗಳಿಂದ ಅವನ ಹೆಸರು ಉಳಿಯಿತು. ಆದರೆ ವಿದ್ಯೆಯು ಗುರುವಿನ ನಡೆಯನ್ನು ತಿದ್ದಿ, ಶಿಷ್ಯನಲ್ಲಿ ಧೈರ್ಯವಾಗಿ ಬೆಳೆದುದೇ ಅವನ ಬಾಳಿನ ನಿಜವಾದ ಸಾರ್ಥಕ್ಯ.